ಜುಟ್ಟು ಯಾರ ಕೈಯಲ್ಲಿ? ದೊಡ್ಡ ನೆರೆದೇಶದ ಪಕ್ಕದ ಸಣ್ಣ ದೇಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳ, ಲಿಥುವೇನಿಯಾ, ಮಂಗೋಲಿಯಾ, ಐರ್ಲೆಂಡ್, ಕತಾರ್. ಭೂಪಟದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ದೇಶಗಳು. ಆದರೂ ಇವುಗಳ ಸುದ್ದಿ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು.

ಆರ್ಥಿಕ ಸ್ವಾತಂತ್ರ್ಯ ಅಂದರೆ ದೊಡ್ಡ ನೆರೆಯ ಜೊತೆ ವ್ಯಾಪಾರ ನಿಲ್ಲಿಸುವುದಾ?

ಖಂಡಿತ ಅಲ್ಲ. ಪಕ್ಕದಲ್ಲೇ ದೊಡ್ಡ ಮಾರುಕಟ್ಟೆ ಇಟ್ಟುಕೊಂಡು ಅಲ್ಲಿ ಮಾರುವುದಿಲ್ಲ ಎಂದು ಹಟ ಹಿಡಿದರೆ ಅದನ್ನು ಸ್ವಾತಂತ್ರ್ಯ ಅನ್ನಲಾಗದು, ಪೆದ್ದುತನ ಅನ್ನಬೇಕು. ನೋಡಬೇಕಾದ ಲೆಕ್ಕ ಬೇರೆ. ನಾಳೆ ಬೆಳಿಗ್ಗೆ ಈ ವ್ಯಾಪಾರ ನಿಂತುಹೋದರೆ ಹೆಚ್ಚು ಪೆಟ್ಟು ಯಾರಿಗೆ? ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1945ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ಎರಡು ಮಹಾಯುದ್ಧಗಳ ನಡುವೆ ಜರ್ಮನಿ ತನ್ನ ಆಗ್ನೇಯದ ಸಣ್ಣ ದೇಶಗಳನ್ನು ವ್ಯಾಪಾರದಿಂದಲೇ ಕಟ್ಟಿಹಾಕಿದ್ದನ್ನು ಕಂಡವನು ಅವನು. ಒಂದು ಸಣ್ಣ ದೇಶದ ರಫ್ತಿನಲ್ಲಿ ಅರ್ಧ ಪಾಲು ನೆರೆಗೆ ಹೋಗುತ್ತದೆ ಅನ್ನಿ. ಅದೇ ಸರಕು ಆ ನೆರೆಯ ಆಮದಿನಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ವ್ಯಾಪಾರ ನಿಂತರೆ ಒಬ್ಬನಿಗೆ ಊಟ ತಪ್ಪುತ್ತದೆ, ಇನ್ನೊಬ್ಬನಿಗೆ ಉಪ್ಪಿನಕಾಯಿ ತಪ್ಪುತ್ತದೆ. ಜುಟ್ಟು ಸಿಕ್ಕಿಕೊಳ್ಳುವುದು ಇಲ್ಲೇ.

ಹಾಗಾಗಿ ಈ ದೇಶಗಳು ಹುಡುಕುತ್ತಿರುವುದು ಮನೆಗೆ ಇನ್ನೊಂದು ಬಾಗಿಲನ್ನು. ಮುಂಬಾಗಿಲು ಇರಲಿ, ಅದರಲ್ಲೇ ಓಡಾಡೋಣ. ಯಾರಾದರೂ ಹೊರಗಿನಿಂದ ಚಿಲಕ ಹಾಕಿದರೆ ಹೊರಬರಲು ಒಂದು ಹಿತ್ತಲ ಬಾಗಿಲು ಬೇಕು, ಅಷ್ಟೆ.

ದೊಡ್ಡ ದೇಶ 'ನಿಮಗೆ ಪಾಠ ಕಲಿಸುತ್ತೇವೆ' ಎಂದು ಬಾಯಿಬಿಟ್ಟು ಹೇಳುತ್ತದಾ?

ಬಹಳ ಅಪರೂಪ. ಸಾಮಾನ್ಯವಾಗಿ ಈ ಕೆಲಸಕ್ಕೆ ಬರುವವನು ಆರೋಗ್ಯ ಇನ್‌ಸ್ಪೆಕ್ಟರ್. 2006ರಲ್ಲಿ ಜಾರ್ಜಿಯಾ ಮತ್ತು ಮೊಲ್ಡೋವಾ ಎರಡೂ ಪಶ್ಚಿಮದ ಕಡೆ ಮುಖ ಮಾಡಿದ್ದವು. ಅದೇ ಹೊತ್ತಿಗೆ ಅವುಗಳ ವೈನ್‌ನಲ್ಲಿ ಕೀಟನಾಶಕ ಇದೆ ಎಂದು ರಷ್ಯಾಕ್ಕೆ ಹೊಳೆಯಿತು. ಜಾರ್ಜಿಯಾದ ಬೋರ್ಜೋಮಿ ಎಂಬ ಖನಿಜ ನೀರೂ ಕುಡಿಯಲು ಯೋಗ್ಯವಲ್ಲ ಎಂದಾಯಿತು. ಸೋವಿಯತ್ ಕಾಲದುದ್ದಕ್ಕೂ ಮಾಸ್ಕೋದ ಜನ ಚಪ್ಪರಿಸಿ ಕುಡಿದ ನೀರದು! ದಲೈ ಲಾಮಾ 2016ರ ನವೆಂಬರ್‌ನಲ್ಲಿ ಮಂಗೋಲಿಯಾಕ್ಕೆ ಬಂದುಹೋದ ಮೇಲೆ ಚೀನಾ ಗಡಿ ದಾಟುವ ಸರಕಿಗೆ ಹೊಸ ಶುಲ್ಕ ಹಾಕಿತು, ಸಾಲದ ಮಾತುಕತೆ ಮುಂದೆ ಹೋಯಿತು. ಮುಂದಿನ ತಿಂಗಳೇ ಮಂಗೋಲಿಯಾದ ವಿದೇಶಾಂಗ ಸಚಿವರು ಈ ಸರ್ಕಾರ ಇರುವವರೆಗೆ ದಲೈ ಲಾಮಾ ಮತ್ತೆ ಬರುವುದಿಲ್ಲ ಎಂದು ಹೇಳಬೇಕಾಯಿತು.

ಕಾಗದದ ಮೇಲೆ ಕಾರಣ ಯಾವತ್ತೂ ಸಾಚಾ ಆಗಿಯೇ ಇರುತ್ತದೆ. ದಿನಾಂಕ ನೋಡಿದರೆ ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

2015ರಲ್ಲಿ ನೇಪಾಳದಲ್ಲಿ ಆದದ್ದೇನು?

ಆ ವರ್ಷ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತಿದ್ದರು. ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಜಾರಿಗೆ ಬಂತು. ದಕ್ಷಿಣದ ತರಾಯಿಯ ಮಧೇಸಿಗಳು ತಮಗೆ ಅನ್ಯಾಯವಾಗಿದೆ ಎಂದು ಬೀದಿಗಿಳಿದರು, ಭಾರತವೂ ಅಸಮಾಧಾನ ತೋರಿಸಿತು. ಕೆಲವೇ ದಿನಗಳಲ್ಲಿ ರಕ್ಸೌಲ್–ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಇದು ಅಘೋಷಿತ ನಾಕಾಬಂದಿ ಎಂದು ಕಾಠ್ಮಂಡು ಹೇಳಿತು. ನಾವೇನೂ ತಡೆದಿಲ್ಲ, ಆ ಕಡೆ ಗಲಾಟೆ ಇರುವುದರಿಂದ ಲಾರಿಯವರು ಹೋಗಲು ಹೆದರುತ್ತಿದ್ದಾರೆ ಎಂದು ದೆಹಲಿ ಹೇಳಿತು. ಇದು 2016ರ ಫೆಬ್ರವರಿಯವರೆಗೆ ಎಳೆಯಿತು.

ಯಾರ ಮಾತು ಎಷ್ಟು ನಿಜ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಅಡುಗೆಮನೆಯಲ್ಲಿ ಆದದ್ದರ ಬಗ್ಗೆ ಮಾತ್ರ ಜಗಳ ಇಲ್ಲ. ಗ್ಯಾಸ್ ಸಿಲಿಂಡರ್ ಸಿಗದಾದಾಗ ಅಲ್ಲಿನ ಸರ್ಕಾರಿ ತೈಲ ನಿಗಮ ಅರ್ಧ ತುಂಬಿದ ಸಿಲಿಂಡರ್ ಹಂಚಿತು. 14.2 ಕಿಲೋ ಹಿಡಿಯುವ ಸಿಲಿಂಡರಿನಲ್ಲಿ 7.1 ಕಿಲೋ. ನಗರದ ಜನ ಸೌದೆ ಒಲೆ ಹೂಡಿದರು. ಪೆಟ್ರೋಲ್‌ಗೆ ದಿನಗಟ್ಟಲೆ ಸಾಲು. ಔಷಧಿಗೂ ತತ್ವಾರ. ಉತ್ತರದಲ್ಲಿ ಚೀನಾದ ಕಡೆ ನೋಡೋಣವೆಂದರೆ ತಾತೋಪಾನಿಯ ರಸ್ತೆ ಭೂಕಂಪದಲ್ಲೇ ಹಾಳಾಗಿತ್ತು. ಇದ್ದ ಮುಖ್ಯ ಹಿತ್ತಲ ಬಾಗಿಲ ಮೇಲೆ ಬೆಟ್ಟವೇ ಬಿದ್ದಿತ್ತು.

ಆಮೇಲೆ ನೇಪಾಳ ಏನು ಮಾಡಿತು?

ಎರಡು ಬಗೆಯ ಕೆಲಸ ಮಾಡಿತು. ಸುದ್ದಿಯಾದದ್ದು ಒಂದು, ಫಲ ಕೊಟ್ಟದ್ದು ಇನ್ನೊಂದು.

2016ರ ಮಾರ್ಚ್‌ನಲ್ಲಿ ಪ್ರಧಾನಿ ಕೆ.ಪಿ. ಓಲಿ ಬೀಜಿಂಗ್‌ಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಬಂದರು. 2019ರಲ್ಲಿ ಅದರ ನಿಯಮಾವಳಿಯೂ ಆಯಿತು. ತಿಯಾಂಜಿನ್, ಶೆನ್‌ಜೆನ್ ಸೇರಿ ಚೀನಾದ ನಾಲ್ಕು ಬಂದರುಗಳನ್ನು ನೇಪಾಳ ಬಳಸಬಹುದು. ಕೇಳಲು ಚೆನ್ನಾಗಿದೆ. ಆದರೆ ಕೋಲ್ಕತ್ತಾ ಬಂದರಿನಿಂದ ಬೀರ್‌ಗಂಜ್‌ಗೆ ಸುಮಾರು 700 ಕಿ.ಮೀ.; ಚೀನಾದ ಬಂದರುಗಳು 3,000 ಕಿ.ಮೀ.ಗೂ ದೂರ, ನಡುವೆ ಟಿಬೆಟ್. ಒಪ್ಪಂದ ಮಾಡಿಕೊಂಡರೂ ಹಿಮಾಲಯ ಪಕ್ಕಕ್ಕೆ ಸರಿಯುವುದಿಲ್ಲ.

ಫಲ ಕೊಟ್ಟದ್ದು ಮನೆಯೊಳಗಿನ ಕೆಲಸ. ತನ್ನ ನದಿಗಳಿಂದಲೇ ವಿದ್ಯುತ್ ಮಾಡುವ ದೇಶ ಪೆಟ್ರೋಲ್‌ಗಾಗಿ ಗಡಿಯಲ್ಲಿ ಕಾಯುವುದೇಕೆ ಎಂಬ ಮಾತಿಗೆ ತೂಕ ಬಂತು. ಇಂಡಕ್ಷನ್ ಒಲೆಗಳು ಬಂದವು. 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಯೋಜನೆ 2021ರಲ್ಲಿ ಶುರುವಾಯಿತು. ಈಗ ನೇಪಾಳಕ್ಕೆ ಹೊಸದಾಗಿ ಬರುವ ಕಾರುಗಳಲ್ಲಿ ಬಹುಪಾಲು ವಿದ್ಯುತ್ ಕಾರುಗಳೇ. ಚೀನಾದ ಬಂದರಿಗಿಂತ ಈ ಕಾರುಗಳೇ ನೇಪಾಳದ ಕೈ ಬಲಪಡಿಸಿವೆ ಎಂಬುದು ನನ್ನ ಲೆಕ್ಕ.

ತಮಾಷೆ ನೋಡಿ, ಅದೇ 2019ರಲ್ಲಿ ಭಾರತದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಪೆಟ್ರೋಲಿಯಂ ಕೊಳವೆಯೂ ಶುರುವಾಯಿತು. ಲಾರಿಗಿಂತ ಅಗ್ಗ, ವೇಗ. ಯಾರು ಬೇಡ ಅಂದಾರು? ನೇಪಾಳದ ಒಟ್ಟು ವ್ಯಾಪಾರದಲ್ಲಿ ಸುಮಾರು ಮೂರನೇ ಎರಡು ಪಾಲು ಈಗಲೂ ಭಾರತದ ಜೊತೆಗೇ.

ದುಡ್ಡು ಸುರಿದು ಎರಡನೇ ಬಾಗಿಲು ಮಾಡಿಸಿ, ಆಮೇಲೆ ಅದನ್ನು ಬಳಸದೇ ಹೋದರೆ ನಷ್ಟವಲ್ಲವೇ?

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರಲ್ಲೇ. ಲಿಥುವೇನಿಯಾದ ಕಥೆ ಕೇಳಿ.

2014ರವರೆಗೆ ಆ ದೇಶಕ್ಕೆ ಅನಿಲ ಬರುತ್ತಿದ್ದದ್ದು ಒಂದೇ ಕಡೆಯಿಂದ, ರಷ್ಯಾದ ಗಾಜ್‌ಪ್ರೋಮ್‌ನಿಂದ. ಕೊಳ್ಳುವವನಿಗೆ ಬೇರೆ ಅಂಗಡಿಯೇ ಇಲ್ಲವೆಂದ ಮೇಲೆ ಬೆಲೆ ಹೇಳುವವನದೇ ಬೆಲೆ. ಲಿಥುವೇನಿಯಾ ಕ್ಲೈಪೆಡಾ ಬಂದರಿನಲ್ಲಿ ದ್ರವ ಅನಿಲವನ್ನು ಇಳಿಸಿಕೊಳ್ಳುವ ತೇಲುವ ಘಟಕ ಹಾಕಲು ಹೊರಟಿತು. ಹಡಗಿಗೆ ಇಟ್ಟ ಹೆಸರೇ 'ಇಂಡಿಪೆಂಡೆನ್ಸ್'. ಮೂವತ್ತು ಲಕ್ಷದ ಆಸುಪಾಸು ಜನಸಂಖ್ಯೆಯ ದೇಶಕ್ಕೆ ಇದೆಂಥ ಆಡಂಬರ, ಜನರ ಬಿಲ್ಲಿನ ಮೇಲೆ ಹೊರೆ ಎಂಬ ಟೀಕೆ ಧಾರಾಳವಾಗಿತ್ತು. ಹಡಗು ಬಂದದ್ದು 2014ರ ಅಕ್ಟೋಬರ್ 27ಕ್ಕೆ. ಗಾಜ್‌ಪ್ರೋಮ್ ಬೆಲೆಯನ್ನು ಸುಮಾರು ಐದನೇ ಒಂದು ಭಾಗ ಇಳಿಸಲು ಒಪ್ಪಿದ್ದು ಅದೇ ವರ್ಷದ ಮೇ ತಿಂಗಳಲ್ಲಿ.

ತಿಂಗಳುಗಳನ್ನು ಇನ್ನೊಮ್ಮೆ ನೋಡಿ. ಹಡಗು ಇನ್ನೂ ಬಂದೇ ಇರಲಿಲ್ಲ, ಬರುತ್ತಿದೆ ಎಂಬ ಸುದ್ದಿಗೇ ಬೆಲೆ ಇಳಿಯಿತು. ಮುಂದೆ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಲಿಥುವೇನಿಯಾ ಏಪ್ರಿಲ್‌ನಿಂದಲೇ ರಷ್ಯಾದ ಅನಿಲ ಪೂರ್ತಿ ನಿಲ್ಲಿಸಿತು. ಜರ್ಮನಿಯಂಥ ಬಲಾಢ್ಯ ದೇಶ ಆಗ ಇನ್ನೂ ತೇಲುವ ಘಟಕಗಳಿಗಾಗಿ ಓಡಾಡುತ್ತಿತ್ತು.

ಅನಿಲ ಸರಿ, ವಿದ್ಯುತ್ ತಂತಿಯಲ್ಲೂ ಅವಲಂಬನೆ ಇರುತ್ತದಾ?

ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಂದು ಜಾಲದಲ್ಲಿರುವ ಎಲ್ಲ ಜನರೇಟರುಗಳೂ ಸೆಕೆಂಡಿಗೆ 50 ಆವರ್ತನೆಯ ಒಂದೇ ತಾಳಕ್ಕೆ ತಿರುಗಬೇಕು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ 2004ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿ, ನೇಟೋ ಸೇರಿ ಆಗಿತ್ತು. ಆದರೆ ಅವುಗಳ ಬಲ್ಬುಗಳ ತಾಳ ಹಾಕುತ್ತಿದ್ದವನು ಮಾತ್ರ ಮಾಸ್ಕೋದಲ್ಲೇ ಕೂತಿದ್ದ. ಆ ತಂತಿ ಕಳಚಿದ್ದು 2025ರ ಫೆಬ್ರವರಿ 8ಕ್ಕೆ. ಒಂದು ದಿನ ಮೂರೂ ದೇಶಗಳು ತಮ್ಮದೇ ದ್ವೀಪದಂತೆ ನಡೆದು, ಮರುದಿನ ಪೋಲೆಂಡ್ ಮೂಲಕ ಯುರೋಪಿನ ಜಾಲಕ್ಕೆ ಸೇರಿಕೊಂಡವು. ಒಟ್ಟು ಖರ್ಚು ಸುಮಾರು 160 ಕೋಟಿ ಯೂರೋ, ಅದರಲ್ಲಿ ಮುಕ್ಕಾಲು ಪಾಲು ಒಕ್ಕೂಟದ ಹಣ. ಸ್ವತಂತ್ರವಾಗಿ ಮೂರು ದಶಕ ಕಳೆದ ಮೇಲೆ ನಡೆದ ಕೆಲಸ ಇದು.

ಉಕ್ರೇನ್ ಮತ್ತು ಮೊಲ್ಡೋವಾದ್ದು ಮೈ ಜುಂ ಎನ್ನಿಸುವ ಕಥೆ. ಅವೂ ಯುರೋಪಿನ ಜಾಲ ಸೇರುವ ತಯಾರಿಯಲ್ಲಿದ್ದವು. ಪರೀಕ್ಷೆಗೆಂದು ಮೂರು ದಿನ ರಷ್ಯಾದ ಜಾಲದಿಂದ ಕಳಚಿ ಒಂಟಿಯಾಗಿ ನಡೆದು ತೋರಿಸಬೇಕಿತ್ತು. ಮೊದಲೇ ನಿಗದಿಯಾಗಿದ್ದ ಆ ರಾತ್ರಿ 2022ರ ಫೆಬ್ರವರಿ 24. ತಂತಿ ಕಳಚಿದ ಕೆಲವೇ ಗಂಟೆಗಳಲ್ಲಿ ಬಾಂಬ್ ಬೀಳಲು ಶುರುವಾಯಿತು. ವಾಪಸ್ ಸೇರಿಸುವ ಮಾತೇ ಇಲ್ಲ. ಯುದ್ಧದ ನಡುವೆ, ಪರೀಕ್ಷೆಯಲ್ಲೇ ಮೂರು ವಾರ ಕಳೆದು, ಮಾರ್ಚ್ 16ಕ್ಕೆ ಎರಡೂ ದೇಶಗಳು ಯುರೋಪಿನ ಜಾಲಕ್ಕೆ ಸೇರಿದವು.

'ಹಂದಿ ಯುದ್ಧ' ಅಂತ ಒಂದಿತ್ತಂತೆ, ಹೌದಾ?

ಹೌದು. ಸರ್ಬಿಯಾ ಮತ್ತು ಆಸ್ಟ್ರಿಯಾ–ಹಂಗರಿ ನಡುವೆ, 1906ರಲ್ಲಿ. ಆಗ ಸರ್ಬಿಯಾಕ್ಕೆ ಸಮುದ್ರವಿಲ್ಲ. ಅದರ ರಫ್ತಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ವಿಯೆನ್ನಾ ರಾಜಧಾನಿಯಾಗಿದ್ದ ಆ ಸಾಮ್ರಾಜ್ಯಕ್ಕೇ ಹೋಗುತ್ತಿತ್ತು, ಮುಖ್ಯವಾಗಿ ಜೀವಂತ ಹಂದಿ. ಸರ್ಬಿಯಾ ಬಲ್ಗೇರಿಯಾದ ಜೊತೆ ಸುಂಕದ ಒಪ್ಪಂದಕ್ಕೆ ಕೈ ಹಾಕಿತು, ತೋಪುಗಳನ್ನು ಆಸ್ಟ್ರಿಯಾದ ಕಂಪನಿಯ ಬದಲು ಫ್ರಾನ್ಸಿನಿಂದ ಕೊಳ್ಳಲು ಹೊರಟಿತು. ವಿಯೆನ್ನಾ ಗಡಿ ಮುಚ್ಚಿತು. ಕಾಗದದ ಮೇಲಿನ ಕಾರಣ ಹಂದಿಗಳ ರೋಗ. ಇನ್‌ಸ್ಪೆಕ್ಟರ್ ಆಗಲೂ ಇದ್ದ, ನೋಡಿ.

ಜೀವಂತ ಹಂದಿಯನ್ನು ದೂರ ಸಾಗಿಸುವುದು ಕಷ್ಟ, ಹಾಗಾಗಿ ಸರ್ಬಿಯಾ ಕಸಾಯಿಖಾನೆ ಮತ್ತು ಮಾಂಸ ಸಂಸ್ಕರಣೆಯನ್ನು ತನ್ನಲ್ಲೇ ಬೆಳೆಸಿತು. ಸರಕನ್ನು ದಕ್ಷಿಣಕ್ಕೆ ತಿರುಗಿಸಿ, ಆಗ ತುರ್ಕರ ಕೈಯಲ್ಲಿದ್ದ ಸಲೋನಿಕಾ ಬಂದರಿನಿಂದ ಹೊರಗೆ ಕಳಿಸಿತು. ಹೊಸ ಗಿರಾಕಿಗಳಲ್ಲಿ ದೊಡ್ಡದು ಜರ್ಮನಿ, ಅಂದರೆ ಆಸ್ಟ್ರಿಯಾದ ಆಪ್ತಮಿತ್ರನೇ! ಗಡಿ ಮುಚ್ಚಿದವನಿಂದಲೇ ಕಾರ್ಖಾನೆ ಎದ್ದಿತು. ವಿಯೆನ್ನಾಕ್ಕೆ ಇದು ನುಂಗಲಾರದ ತುತ್ತಾಯಿತು, ಎರಡೂ ದೇಶಗಳ ನಡುವಿನ ದ್ವೇಷ ಹೆಪ್ಪುಗಟ್ಟಿತು. 1914ಕ್ಕೆ ಅದು ಮೊದಲ ಮಹಾಯುದ್ಧಕ್ಕೇ ಮುಟ್ಟಿತು ಎಂಬುದು ಎಲ್ಲರಿಗೂ ಗೊತ್ತು.

ಹಾಗಾದರೆ ಜಗಳ ಮಾಡಿಯೇ ಬಿಡುಗಡೆ ಪಡೆಯಬಹುದಲ್ಲ?

ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಇರುವುದು ಸುಮ್ಮನೆ ಅಲ್ಲ. ಐರ್ಲೆಂಡ್ 1922ರಲ್ಲಿ ಬ್ರಿಟನ್ನಿನಿಂದ ಬೇರೆಯಾದಾಗ ಅದರ ರಫ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಹೋಗುತ್ತಿದ್ದದ್ದು ಬ್ರಿಟನ್ನಿಗೇ. 1932ರಲ್ಲಿ ಐರಿಷ್ ನಾಯಕ ಡಿ ವಲೇರಾ ಅಧಿಕಾರಕ್ಕೆ ಬಂದು, ರೈತರು ಜಮೀನಿಗಾಗಿ ಬ್ರಿಟನ್ನಿಗೆ ಕಟ್ಟುತ್ತಿದ್ದ ವಾರ್ಷಿಕ ಕಂತನ್ನು ಕಳಿಸುವುದು ನಿಲ್ಲಿಸಿದರು. ಬ್ರಿಟನ್ ಐರಿಷ್ ದನಗಳ ಮೇಲೆ ಸುಂಕ ಹೇರಿತು. ದನದ ಬೆಲೆ ನೆಲ ಕಚ್ಚಿತು. ಕರುಗಳನ್ನು ಸಾಕುವುದೇ ನಷ್ಟವಾಗಿ, ಕೊಂದ ಕರುವಿನ ಚರ್ಮಕ್ಕೆ ಸರ್ಕಾರವೇ ದುಡ್ಡು ಕೊಡುವ ಯೋಜನೆ ಬಂತು. ಕರು ಸಾಕುವವನಿಗೆ ಕರು ಕೊಲ್ಲಲು ಸಹಾಯಧನ.

ಆರು ವರ್ಷಗಳ ಈ 'ಆರ್ಥಿಕ ಯುದ್ಧ' 1938ರಲ್ಲಿ ಒಂದು ಕೋಟಿ ಪೌಂಡ್ ಇಡುಗಂಟು ಕೊಟ್ಟು ಮುಗಿಯಿತು. ಐರ್ಲೆಂಡ್ ತನ್ನ ನೆಲದಲ್ಲಿ ಬ್ರಿಟನ್ ಇಟ್ಟುಕೊಂಡಿದ್ದ ಮೂರು ಬಂದರುಗಳನ್ನು ವಾಪಸ್ ಪಡೆಯಿತು. ಹಾಗಾಗಿ ರಾಜಕೀಯವಾಗಿ ಗೆದ್ದಿತು ಅನ್ನಬಹುದು. ಅವಲಂಬನೆ ಮಾತ್ರ ಹಾಗೇ ಉಳಿಯಿತು.

ಅದು ಕರಗಿದ್ದು 1973ರಲ್ಲಿ ಯುರೋಪಿನ ಸಮುದಾಯ ಸೇರಿದ ಮೇಲೆ, ಯಾವ ಗದ್ದಲವೂ ಇಲ್ಲದೆ. ಹೊಸ ಮಾರುಕಟ್ಟೆ ಬೆಳೆದಂತೆ ಹಳೆಯದರ ಪಾಲು ಇಳಿಯುತ್ತ ಬಂತು. ಈಗ ಐರ್ಲೆಂಡಿನ ಸರಕು ರಫ್ತಿನಲ್ಲಿ ಬ್ರಿಟನ್ನಿನದು ಹತ್ತನೇ ಒಂದು ಪಾಲಿನ ಆಸುಪಾಸು. ಬ್ರೆಕ್ಸಿಟ್ ಆದಾಗ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಾಗ, ಇನ್ನೊಂದು ಸಣ್ಣ ಸಂಗತಿ ನಡೆಯಿತು. ಐರಿಷ್ ಲಾರಿಗಳು ಯುರೋಪಿಗೆ ಹೋಗುತ್ತಿದ್ದದ್ದು ಬ್ರಿಟನ್ನಿನ ರಸ್ತೆಗಳ ಮೇಲೆ. 2021ರ ಜನವರಿಯಲ್ಲಿ ಗಡಿ ತಪಾಸಣೆ ಶುರುವಾಗುತ್ತಲೇ ಐರ್ಲೆಂಡಿನ ರಾಸ್ಲೇರ್‌ನಿಂದ ನೇರ ಫ್ರಾನ್ಸಿನ ಡನ್‌ಕರ್ಕ್‌ಗೆ ಹೊಸ ಹಡಗು ಓಡತೊಡಗಿತು. ಸಮುದ್ರದ ಮೇಲೆ ಹೆಚ್ಚುಕಡಿಮೆ ಇಡೀ ಒಂದು ದಿನದ ಪ್ರಯಾಣ. ಆದರೂ ಚಾಲಕರು ಹತ್ತಿದರು.

ಸ್ವಂತ ನಾಣ್ಯ ಇದ್ದರೆ ಸ್ವತಂತ್ರ ಆದಂತೆಯೇ?

ನೋಟಿನ ಮೇಲೆ ಯಾರ ಚಿತ್ರವಿದೆ ಎಂಬುದಕ್ಕಿಂತ ಅದರ ಬೆಲೆಯನ್ನು ಯಾವುದಕ್ಕೆ ಕಟ್ಟಿದ್ದಾರೆ ಎಂದು ನೋಡಿ. ಭೂತಾನದ ನ್ಗುಲ್ಟ್ರಮ್ ಭಾರತದ ರೂಪಾಯಿಗೆ ಸರಿಸಮ. 1.60 ನೇಪಾಳಿ ರೂಪಾಯಿಗೆ ಒಂದು ಭಾರತೀಯ ರೂಪಾಯಿ ಎಂಬ ದರ 1993ರಿಂದ ಅಲುಗಾಡಿಲ್ಲ. ಲೆಸೋಥೊ, ಎಸ್ವಾಟಿನಿ ನಾಣ್ಯಗಳು ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಸಮ. ಇದರಿಂದ ಬೆಲೆಗಳು ಹದ್ದುಮೀರದೆ ಇರುತ್ತವೆ, ಗಡಿ ವ್ಯಾಪಾರ ಸಲೀಸು. ಬದಲಿಗೆ ಬಡ್ಡಿದರದ ಕೀಲಿ ನೆರೆಯ ರಿಸರ್ವ್ ಬ್ಯಾಂಕಿನ ಹತ್ತಿರ ಇರುತ್ತದೆ.

ಬೋಟ್ಸ್ವಾನಾ ಬೇರೆ ದಾರಿ ಹಿಡಿಯಿತು. 1976ರಲ್ಲಿ ರ‍್ಯಾಂಡ್ ಬಿಟ್ಟು ತನ್ನದೇ 'ಪುಲಾ' ತಂದಿತು. ಅವರ ಭಾಷೆಯಲ್ಲಿ ಪುಲಾ ಅಂದರೆ ಮಳೆ. ಕಲಹಾರಿ ಮರುಭೂಮಿಯ ದೇಶ ದುಡ್ಡಿಗೆ ಮಳೆಯ ಹೆಸರಿಟ್ಟದ್ದು ಎಷ್ಟು ಸಹಜ! ಅದರ ಬೆನ್ನಿಗೆ ವಜ್ರದ ಆದಾಯ ಇತ್ತು ಎಂಬುದನ್ನು ಮರೆಯಬಾರದು. ಎಸ್ಟೋನಿಯಾ 1992ರ ಜೂನ್‌ನಲ್ಲಿ, ಸೋವಿಯತ್ ಗಣರಾಜ್ಯಗಳಲ್ಲೇ ಮೊದಲು, ರೂಬಲ್ ಬಿಟ್ಟು ಕ್ರೂನ್ ತಂದಿತು; ಎಂಟು ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್. ಬೆಂಬಲಕ್ಕಿದ್ದದ್ದು ಎರಡನೇ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮದ ಬ್ಯಾಂಕುಗಳಲ್ಲಿ ಇಟ್ಟಿದ್ದ ಚಿನ್ನ. ಅರ್ಧ ಶತಮಾನದ ನಂತರ ವಾಪಸ್ ಬಂದ ಅಜ್ಜನ ಕಾಲದ ಗಂಟು. ಇಲ್ಲಿ ಎಸ್ಟೋನಿಯಾ ಒಂದು ಗೂಟ ಬಿಚ್ಚಿ ಇನ್ನೊಂದಕ್ಕೆ ಕಟ್ಟಿಕೊಂಡಿತು. ಆದರೆ ಆ ಗೂಟವನ್ನು ಆರಿಸಿದ್ದು ತಾನೇ.

ಸಣ್ಣ ದೇಶಗಳೆಲ್ಲ ಸೇರಿ ಒಂದು ಕೂಟ ಕಟ್ಟಿದರೆ?

ದಕ್ಷಿಣ ಆಫ್ರಿಕಾದ ಸುತ್ತಲಿನ ಒಂಬತ್ತು ದೇಶಗಳು 1980ರ ಏಪ್ರಿಲ್ 1ರಂದು ಲುಸಾಕಾದಲ್ಲಿ ಕೂಡಿ ಇದನ್ನೇ ಮಾಡಿದವು. ವರ್ಣಭೇದದ ಆ ಸರ್ಕಾರದ ಮೇಲಿನ ಅವಲಂಬನೆ ಕಡಿಮೆ ಮಾಡುವುದು ಘೋಷಿತ ಗುರಿ. ಫಲ ಅಷ್ಟಕ್ಕಷ್ಟೆ. ಒಂಬತ್ತೂ ದೇಶಗಳು ಮಾರುವುದು ಹೆಚ್ಚು ಕಡಿಮೆ ಒಂದೇ ಬಗೆಯ ಅದಿರು, ಬೆಳೆ. ಒಬ್ಬರಿಗೊಬ್ಬರು ಏನು ಮಾರಿಯಾರು? ವರ್ಣಭೇದ ಮುಗಿದು 1994ರಲ್ಲಿ ದಕ್ಷಿಣ ಆಫ್ರಿಕಾ ಅದೇ ಕೂಟದ ಸದಸ್ಯನಾಯಿತು, ಎಲ್ಲರಿಗಿಂತ ದೊಡ್ಡ ಸದಸ್ಯ.

ಇದರ ನಡುವೆ ಲೆಸೋಥೊ. ಸುತ್ತಲೂ ದಕ್ಷಿಣ ಆಫ್ರಿಕಾವೇ ಇರುವ ದೇಶ, ಬೇರೆ ಗಡಿಯೇ ಇಲ್ಲ. 1986ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಗಡಿ ಬಿಗಿ ಮಾಡಿದ ಮೂರು ವಾರಕ್ಕೆ ಲೆಸೋಥೊದ ಸರ್ಕಾರ ಸೇನಾ ದಂಗೆಯಲ್ಲಿ ಉರುಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಲೆಸೋಥೊ ಬೆಟ್ಟಗಳ ನೀರನ್ನು ದಕ್ಷಿಣ ಆಫ್ರಿಕಾಕ್ಕೆ ಮಾರುವ ಒಪ್ಪಂದಕ್ಕೆ ಸಹಿ ಬಿತ್ತು. ಇವತ್ತು ಜೋಹಾನ್ಸ್‌ಬರ್ಗ್ ಸುತ್ತಿನ ನಲ್ಲಿಗಳಲ್ಲಿ ಆ ನೀರಿದೆ.

ಹೊಸ ರೈಲು, ಹೊಸ ಬಂದರು ಕಟ್ಟಿಬಿಟ್ಟರೆ ಸಾಕಾ?

ಕಟ್ಟುವುದು ಅರ್ಧ ಕೆಲಸ. ಜಾಂಬಿಯಾದ ತಾಮ್ರ ಹೊರಗೆ ಹೋಗಲು ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರವನ್ನು ದಾಟಬೇಕಿತ್ತು. ಚೀನಾದ ಬಡ್ಡಿರಹಿತ ಸಾಲದಿಂದ ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನವರೆಗೆ 1,860 ಕಿ.ಮೀ. ರೈಲು ಮಾರ್ಗ 1975ರ ಹೊತ್ತಿಗೆ ಸಿದ್ಧವಾಯಿತು. ಆ ಕಾಲಕ್ಕೆ ಅದ್ಭುತವೇ. ಆದರೆ ಎಂಜಿನ್‌ಗಳು ಕೆಡತೊಡಗಿದವು, ಬಂದರಿನಲ್ಲಿ ಸರಕು ಕೊಳೆಯಿತು. 1978ರಲ್ಲಿ ಅಧ್ಯಕ್ಷ ಕೌಂಡಾ ರೊಡೇಷಿಯಾದ ದಾರಿಯನ್ನೇ ಮತ್ತೆ ತೆರೆಯಬೇಕಾಯಿತು. ಹಿತ್ತಲ ಬಾಗಿಲಿಗೂ ಆಗಾಗ ಎಣ್ಣೆ ಹಾಕುತ್ತಿರಬೇಕು.

ಮಂಗೋಲಿಯಾದ್ದು ಇನ್ನೊಂದು ಪೇಚು. ಅದರ ಹಳಿಗಳ ಅಗಲ ರಷ್ಯಾದ 1,520 ಮಿ.ಮೀ.; ಸರಕು ಕೊಳ್ಳುವ ಚೀನಾದ್ದು 1,435. ವ್ಯತ್ಯಾಸ ಬರೀ 85 ಮಿ.ಮೀ. ಆದರೆ ಗಡಿಯಲ್ಲಿ ಬೋಗಿಯನ್ನು ಎತ್ತಿ ಅಡಿಯ ಚಕ್ರಗಳನ್ನೇ ಬದಲಿಸಬೇಕು, ಇಲ್ಲವೇ ಸರಕನ್ನು ಇಳಿಸಿ ಹತ್ತಿಸಬೇಕು. ಹೊಸ ಕಲ್ಲಿದ್ದಲು ಮಾರ್ಗಕ್ಕೆ ಯಾವ ಅಗಲ ಎಂಬ ಚರ್ಚೆ ಅಲ್ಲಿ ವರ್ಷಗಟ್ಟಲೆ ನಡೆಯಿತು. ಎಂಜಿನಿಯರುಗಳ ಜಗಳದಂತೆ ಕಂಡರೂ ಒಳಗಿದ್ದ ಪ್ರಶ್ನೆ ಯಾರ ಕಡೆ ವಾಲುವುದು ಎಂಬುದು. ಅಂದ ಹಾಗೆ, ಇಂಧನಕ್ಕೆ ರಷ್ಯಾವನ್ನೇ ನಂಬಿರುವ ಮಂಗೋಲಿಯಾದಲ್ಲಿ ಒಂದು ತೈಲ ಶುದ್ಧೀಕರಣ ಘಟಕ ಏಳುತ್ತಿದೆ. ಅದಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚಿನ ಸಾಲ ಕೊಟ್ಟಿರುವುದು ಭಾರತ.

ನೀರಿನ ವಿಷಯದಲ್ಲಿ ಸಿಂಗಾಪುರ ಗೆದ್ದದ್ದು ಹೇಗೆ?

ತಾಳ್ಮೆಯಿಂದ. ಇಂದಿನ ಮಲೇಷ್ಯಾದ ಜೋಹೋರ್ ರಾಜ್ಯದ ಜೊತೆಗಿನ 1962ರ ಒಪ್ಪಂದದಂತೆ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ಎತ್ತಬಹುದು, ಸಾವಿರ ಗ್ಯಾಲನ್‌ಗೆ ಮೂರು ಸೆನ್. ಸಿಕ್ಕಾಪಟ್ಟೆ ಅಗ್ಗ, ಹಾಗಾಗಿಯೇ ಸದಾ ತಕರಾರು. ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಆ ವರ್ಷ ಬರಲೆಂದು ಸಿಂಗಾಪುರ ಕಾಯುತ್ತ ಕೂರಲಿಲ್ಲ. ಚರಂಡಿ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧ ಮಾಡುವ ಘಟಕಗಳನ್ನು 2003ರಿಂದ, ಸಮುದ್ರದ ನೀರನ್ನು ಸಿಹಿ ಮಾಡುವುದನ್ನು 2005ರಿಂದ ಶುರು ಮಾಡಿತು. ಜೋಹೋರ್ ನೀರನ್ನು ಈಗಲೂ ತರುತ್ತದೆ, ಒಪ್ಪಂದದಲ್ಲಿದೆ ಎಂದ ಮೇಲೆ ಬಿಡುವುದೇಕೆ?

ದುಡ್ಡಿದ್ದರೆ ಎಲ್ಲ ಸಲೀಸು, ಅಲ್ಲವಾ?

ಕತಾರ್ ನೋಡಿದರೆ ಹಾಗನ್ನಿಸುತ್ತದೆ. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಸಂಬಂಧ ಕಡಿದುಕೊಂಡವು. ಕತಾರ್‌ಗೆ ಇರುವುದೊಂದೇ ಭೂಗಡಿ, ಸೌದಿಯದ್ದು. ಹಾಲು, ಮೊಸರು ಬರುತ್ತಿದ್ದದ್ದೇ ಆ ಕಡೆಯಿಂದ. ಕತಾರ್ ಹಸುಗಳನ್ನೇ ವಿಮಾನದಲ್ಲಿ ತರಿಸಿ, ಮರುಭೂಮಿಯಲ್ಲಿ ತಂಪು ಕೊಟ್ಟಿಗೆ ಕಟ್ಟಿ ಹಾಲು ಕರೆಯಿತು. ಆರ್ಥಿಕತೆ ಅಲುಗಾಡದಂತೆ ಮೊದಲ ಎರಡು ತಿಂಗಳಲ್ಲೇ ಸುಮಾರು 3,800 ಕೋಟಿ ಡಾಲರ್ ಸುರಿಯಿತು ಎಂಬುದು ಒಂದು ರೇಟಿಂಗ್ ಸಂಸ್ಥೆಯ ಅಂದಾಜು. ಎಲ್ಲ ದೇಶಗಳಿಗೂ ಆಗುವ ಮಾತಲ್ಲ ಇದು.

ನನಗೆ ಹಸುಗಳಿಗಿಂತ ಕುತೂಹಲದ್ದು ಸಮುದ್ರದಡಿಯ ಒಂದು ಕೊಳವೆ. ನಾಕಾಬಂದಿ ನಡೆದ ಮೂರೂವರೆ ವರ್ಷವೂ ಕತಾರ್‌ನ ಅನಿಲ ಯುಎಇಗೆ ಹರಿಯುತ್ತಲೇ ಇತ್ತು. ಕತಾರ್ ನಿಲ್ಲಿಸಲಿಲ್ಲ, ಯುಎಇ ಬೇಡ ಅನ್ನಲಿಲ್ಲ. ಯಾರಿಗೆ ಯಾರ ಮೇಲೆ ಎಷ್ಟು ಹಿಡಿತ ಎಂಬುದು ಭಾಷಣಕ್ಕಿಂತ ಆ ಕೊಳವೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಕೆನಡಾದಂಥ ಶ್ರೀಮಂತ ದೇಶಕ್ಕೂ ಈ ಚಿಂತೆ ಇದೆಯಾ?

ಇದೆ. ಅದರ ರಫ್ತಿನ ಸುಮಾರು ಮುಕ್ಕಾಲು ಪಾಲು ಅಮೆರಿಕಕ್ಕೆ. ಬೇರೆ ದೇಶಗಳತ್ತ ಹೊರಳಬೇಕು ಎಂಬ 'ಮೂರನೇ ಆಯ್ಕೆ' ನೀತಿ 1972ರಲ್ಲೇ ಬಂತು, ಹೆಚ್ಚೇನೂ ಆಗಲಿಲ್ಲ. ಪೆಸಿಫಿಕ್ ತೀರಕ್ಕೆ ತೈಲ ಒಯ್ಯುವ ಟ್ರಾನ್ಸ್ ಮೌಂಟನ್ ಕೊಳವೆಯ ವಿಸ್ತರಣೆ 2024ರ ಮೇ ತಿಂಗಳಲ್ಲಿ ಮುಗಿಯಿತು. ಖರ್ಚು ಸುಮಾರು 3,400 ಕೋಟಿ ಕೆನಡಿಯನ್ ಡಾಲರ್, ಮೊದಲ ಅಂದಾಜಿನ ಎಷ್ಟೋ ಪಟ್ಟು. ಬಿಳಿಯಾನೆ ಎಂದು ಬೈದವರೇ 2025ರಲ್ಲಿ ಅಮೆರಿಕ ಸುಂಕದ ಬೆದರಿಕೆ ಹಾಕಿದಾಗ ಇನ್ನೊಂದು ಕೊಳವೆ ಬೇಕಲ್ಲ ಎನ್ನತೊಡಗಿದರು.

ಎಲ್ಲ ಮುಗಿದ ಮೇಲೆ ಹಳೆಯ ನೆರೆಯೇ ಮತ್ತೆ ದೊಡ್ಡ ಗಿರಾಕಿಯಾದರೆ?

ಆಗುತ್ತದೆ. ನಿಷೇಧದ ವರ್ಷಗಳಲ್ಲಿ ಜಾರ್ಜಿಯಾದ ವೈನ್ ಮಾಡುವವರು ಗುಣಮಟ್ಟ ಸುಧಾರಿಸಿದರು, ಹೊಸ ದೇಶಗಳನ್ನು ಹುಡುಕಿದರು. 2013ರಲ್ಲಿ ರಷ್ಯಾ ನಿಷೇಧ ತೆಗೆದದ್ದೇ ತಡ, ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಟಲಿಗಳು ಮತ್ತೆ ಆ ಕಡೆಗೇ ಹೊರಟವು. ಹತ್ತಿರದ ದಾರಿ, ಗೊತ್ತಿರುವ ಭಾಷೆ, ರುಚಿ ಗೊತ್ತಿರುವ ಗಿರಾಕಿ. ಒಬ್ಬೊಬ್ಬ ವ್ಯಾಪಾರಿಯ ಲೆಕ್ಕವೂ ಸರಿಯೇ. ಎಲ್ಲ ಲೆಕ್ಕ ಕೂಡಿಸಿದರೆ ಮಾತ್ರ ದೇಶದ ಜುಟ್ಟು ಮತ್ತೆ ಅದೇ ಕೈಯಲ್ಲಿ. ಸರ್ಕಾರ ತಲೆ ಹಾಕಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಹಾಕಿದರೆ ವ್ಯಾಪಾರಿಗಳು ಬೈಯುತ್ತಾರೆ ಎಂಬುದೂ ಅಷ್ಟೇ ನಿಜ.

ನಾವು ಭಾರತೀಯರು. ಈ ಕಥೆಯಲ್ಲಿ ನಮ್ಮ ಪಾತ್ರ ಯಾವುದು?

ಉಪಖಂಡದ ಮಟ್ಟಿಗೆ ನಾವೇ ಆ ದೊಡ್ಡ ನೆರೆ. ಇದನ್ನು ಒಪ್ಪಿಕೊಳ್ಳುವುದು ನಮಗೆ ಸ್ವಲ್ಪ ಇರಿಸುಮುರಿಸು. 2013ರ ಜುಲೈನಲ್ಲಿ ಭೂತಾನದ ಚುನಾವಣೆಗೆ ಎರಡು ವಾರ ಇರುವಾಗ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಒಪ್ಪಂದದ ಅವಧಿ ಮುಗಿದಿತ್ತು, ತಾಂತ್ರಿಕ ಕಾರಣ ಎಂಬುದು ನಮ್ಮ ವಿವರಣೆ. ಭೂತಾನದಲ್ಲಿ ಎಷ್ಟು ಜನ ಅದನ್ನು ನಂಬಿದರೋ. ಚುನಾವಣೆ ಮುಗಿದು ಸರ್ಕಾರ ಬದಲಾಯಿತು, ಸಬ್ಸಿಡಿ ವಾಪಸ್ ಬಂತು.

ನೇಪಾಳದ ವಿದ್ಯುತ್ ಈಗ ಭಾರತದ ವಿನಿಮಯ ಕೇಂದ್ರದಲ್ಲಿ ಮಾರಾಟವಾಗುತ್ತದೆ. ಚೀನಾದ ಕಂಪನಿಗಳು ಕೈ ಹಾಕಿದ ಯೋಜನೆಯ ವಿದ್ಯುತ್ತಾದರೆ ನಾವು ಕೊಳ್ಳುವುದಿಲ್ಲ. ಭಾರತ, ನೇಪಾಳ, ಬಾಂಗ್ಲಾದೇಶ ಮೂರೂ ಸೇರಿ 2024ರ ಅಕ್ಟೋಬರ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅದರಂತೆ ನೇಪಾಳ ಮೊದಲ ಬಾರಿಗೆ ಭಾರತವಲ್ಲದ ಗಿರಾಕಿಗೆ, ಬಾಂಗ್ಲಾದೇಶಕ್ಕೆ, 40 ಮೆಗಾವಾಟ್ ಮಾರುತ್ತಿದೆ. ಆ 40 ಮೆಗಾವಾಟ್ ಹೋಗುವುದು ನಮ್ಮ ತಂತಿಯ ಮೇಲೆಯೇ.